ಮೂರರ ನಾಣ್ಯದ ಏಳು ಕಚ್ಚು

ಟಂಕಸಾಲೆಯಲ್ಲಿ ನಾಣ್ಯದ ಅಚ್ಚು ಕೆತ್ತುವ ಕೆಲಸ ಅವನದು. ಮೂವತ್ತು ವರ್ಷ ಕೆತ್ತಿ ಕೆತ್ತಿ ಬೆನ್ನು ಗೂನಾಗಿತ್ತು. ಜೊತೆಯವರು ಅಚ್ಚಣ್ಣ ಅಂತಲೇ ಕರೆಯುತ್ತಿದ್ದರು. ಮನೆಯಲ್ಲಿ ಇದ್ದದ್ದು ಅವನೂ ಅವನ ಅಕ್ಕನೂ ಇಬ್ಬರೇ. ತಾಯಿ ಸತ್ತ ಮೇಲೆ ಅವನನ್ನು ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದವಳು ಅಕ್ಕ. ಐವತ್ತೈದು ದಾಟುವ ಹೊತ್ತಿಗೆ ಅವಳ ಕಣ್ಣು ಪೂರಾ ಹೋಯಿತು.

ಕಣ್ಣು ಹೋದದ್ದಕ್ಕೆ ಅಕ್ಕ ಅಷ್ಟೇನೂ ಅಳಲಿಲ್ಲ. ಬೀದಿ ಕೊನೆಯ ಅಂಗಡಿಗೆ ಒಬ್ಬಳೇ ಹೋಗುವುದು ತಪ್ಪಿತಲ್ಲ, ಅದಕ್ಕೆ ಅತ್ತಳು. ಗೋಡೆ ಸವರಿಕೊಂಡು ಹೋಗಿಬರುವುದು ಅವಳಿಗೆ ಕಷ್ಟವಿರಲಿಲ್ಲ, ಕಷ್ಟವೆಲ್ಲ ಚಿಲ್ಲರೆಯದು. ಎರಡರ ನಾಣ್ಯವೂ ದುಂಡಗೆ, ಐದರದೂ ದುಂಡಗೆ, ಗಾತ್ರವೂ ಹೆಚ್ಚುಕಡಿಮೆ ಒಂದೇ. ಹಣ್ಣು ಮಾರುವವಳೊಬ್ಬಳು ಐದು ಇಸಿದುಕೊಂಡು, ಎರಡೇ ಕೊಟ್ಟಿದ್ದು ಎಂದು ದಬಾಯಿಸಿದಳು. ಅಂದು ಬಾಗಿಲು ಹಾಕಿಕೊಂಡ ಅಕ್ಕ ಮತ್ತೆ ಹೊರಗೆ ಹೋಗಲಿಲ್ಲ. ಕಣ್ಣಿಲ್ಲದವರ ಕಣ್ಣಿಗೂ ಮಣ್ಣೆರಚುವವರಿದ್ದಾರಲ್ಲ, ಅವರಿಗೇನು ಹೇಳೋಣ!

ಅದೇ ವರ್ಷ ಮೂರರ ನಾಣ್ಯ ಮಾಡಿ ಎಂದು ಮೇಲಿನಿಂದ ಅಪ್ಪಣೆ ಬಂತು. ಯಾವ ಪುಣ್ಯಾತ್ಮನ ತಲೆಗೆ ಹೊಳೆಯಿತೋ! ಅಚ್ಚಣ್ಣ ಹಿಗ್ಗಿ ಹೀರೇಕಾಯಿಯಾದ. ಮೇಣದಲ್ಲಿ ಮಾದರಿ ಮಾಡಿ ತಂದು ಅಕ್ಕನ ಕೈಗೆ ಕೊಟ್ಟ. ಅವಳ ಬೆರಳು ಹೇಳಿದ ಹಾಗೆಯೇ ಅಂಚಿಗೆ ಏಳು ಕಚ್ಚು ಹಾಕಿದ.

ನಾಣ್ಯ ಹೊರಬಂತು. ಸಂಬಳದ ದಿನ ಬ್ಯಾಂಕಿನವರನ್ನು ಕಾಡಿ ನಲವತ್ತು ನಾಣ್ಯ ತಂದು ಅಕ್ಕನ ಚೀಲಕ್ಕೆ ಸುರಿದ.

"ಇದನ್ನ ನಿದ್ದೇಲಿ ಕೊಟ್ರೂ ಗುರುತಿಸ್ತೀನಿ ಕಣೋ!" ಎಂದಳು ಅಕ್ಕ.

ಮರುದಿನವೇ ಒಬ್ಬಳೇ ಹೊರಟಳು. ಆರಕ್ಕೆ ಸೋಪು, ಒಂಬತ್ತಕ್ಕೆ ಬ್ರೆಡ್ಡು. ಹತ್ತೆಂದರೆ ಒಂಬತ್ತಕ್ಕೇ ಕೊಡಿ ಎಂದು ಚೌಕಾಸಿ. ಚಿಲ್ಲರೆ ವಾಪಸು ಇಸಿದುಕೊಳ್ಳುವ ಗೋಜೇ ಇಲ್ಲ.

ಊರಿಗೆ ಮಾತ್ರ ಆ ನಾಣ್ಯ ಹಿಡಿಸಲಿಲ್ಲ. ಗಲ್ಲಾಪೆಟ್ಟಿಗೆಯಲ್ಲಿ ಅದಕ್ಕೊಂದು ಖಾನೆಯೇ ಇರಲಿಲ್ಲ. "ಎರಡೂ ಒಂದೂ ಸೇರಿದ್ರೆ ಮೂರಾಗುತ್ತೆ, ಇದ್ಯಾಕ್ರೀ?" ಎಂದು ಎಲ್ಲರೂ ಮೂಗು ಮುರಿದರು. ಸಾಲದ್ದಕ್ಕೆ ಟಿಕೆಟ್ ಯಂತ್ರಗಳಲ್ಲಿ ಆ ಕಚ್ಚು ಸಿಕ್ಕಿಕೊಂಡು ಯಂತ್ರವೇ ನಿಲ್ಲತೊಡಗಿತು. ಮೇಲಧಿಕಾರಿ ಅಚ್ಚಣ್ಣನನ್ನು ಕರೆಸಿದ.

"ಕಚ್ಚು ತೆಗೆದು ದುಂಡಗೆ ಮಾಡಪ್ಪ. ಇಲ್ದಿದ್ರೆ ಇದು ಉಳಿಯಲ್ಲ."

"ದುಂಡಗೆ ಮಾಡಿದ್ರೆ ಉಳಿದೂ ಏನು ಬಂತು ಸಾರ್? ಕಣ್ಣಿಲ್ಲದೋರಿಗೆ ಗೊತ್ತಾಗೋದೇ ಆ ಕಚ್ಚಿನಿಂದ."

ಅವನು ಹಿಡಿದ ಹಟ ಬಿಡಲಿಲ್ಲ. ಆರೇ ತಿಂಗಳಲ್ಲಿ ನಾಣ್ಯವನ್ನು ರದ್ದು ಮಾಡಿ, ವಾಪಸು ಬಂದದ್ದನ್ನೆಲ್ಲ ಕರಗಿಸಿದರು.

ಅಕ್ಕನಿಗೆ ಹೇಳಲು ಅವನಿಗೆ ಬಾಯೇ ಬರಲಿಲ್ಲ. ಅಂಗಡಿಯವನ ಕೈ ಹಿಡಿದುಕೊಂಡ. "ಅಕ್ಕ ಕೊಟ್ಟಿದ್ದನ್ನ ಸುಮ್ನೆ ಇಸ್ಕೊಂಡುಬಿಡಿ. ಸಂಜೆ ನಾನು ಬಂದು ಬೇರೆ ದುಡ್ಡು ಕೊಡ್ತೀನಿ."

ಅಂಗಡಿಯವನು ಒಳ್ಳೆಯವನು, ಒಪ್ಪಿದ. ಬೆಳಿಗ್ಗೆ ಅಂಗಡಿಗೆ ಹೋದ ನಾಣ್ಯಗಳು ಸಂಜೆ ಅಚ್ಚಣ್ಣನ ಜೇಬಿನಲ್ಲಿ ಮನೆಗೆ ಬಂದು, ಬ್ಯಾಂಕಿನಿಂದ ತಂದದ್ದು ಎಂಬ ನೆಪದಲ್ಲಿ ಮತ್ತೆ ಅಕ್ಕನ ಚೀಲ ಸೇರುತ್ತಿದ್ದವು. ಹೀಗೆ ಎರಡು ವರ್ಷ. ಇವತ್ತು ಒಂದು ರೂಪಾಯಿ ಕಡಿಮೆ ಮಾಡಿಸಿದೆ ಎಂದು ಅಕ್ಕ ಹೆಮ್ಮೆಯಿಂದ ಹೇಳುವಾಗ ಅವನಿಗೆ ಸಂತೋಷವೂ ಆಗುತ್ತಿತ್ತು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುವ ಹಾಗೆ ಒಳಗೊಳಗೇ ಅಳುಕೂ ಇತ್ತು.

ಒಂದು ದಿನ ಅಂಗಡಿಯವನು ಜ್ವರ ಬಂದು ಮಲಗಿದ. ಗಲ್ಲಾದ ಮುಂದೆ ಅವನ ಅಳಿಯ ಕೂತಿದ್ದ. ಪಾಪ, ಅವನಿಗೇನು ಗೊತ್ತು?

"ಅಮ್ಮಾ, ಇದು ನಿಂತು ಎರಡು ವರ್ಷ ಆಯ್ತು. ಬೇರೆ ಕೊಡಿ."

"ನಿನ್ನೆ ತಾನೆ ತಗೊಂಡ್ರಲ್ಲಪ್ಪ!" ಎಂದಳು ಅಕ್ಕ.

"ನಮ್ಮ ಮಾವ ಅಯ್ಯೋ ಪಾಪ ಅಂತ ತಗೊಂಡಿರ್ತಾರೆ."

ಹಿಂದೆ ನಿಂತವರು ಯಾರೋ ನಕ್ಕರು.

ಸಂಜೆ ಅಚ್ಚಣ್ಣ ಬಂದಾಗ ಅಕ್ಕ ಮಂಚದ ಮೇಲೆ ಕೂತಿದ್ದಳು. ಕೇಳಿದ್ದು ಒಂದೇ ಮಾತು: "ನಿಜವೇನೋ?"

"ಹೂಂ ಅಕ್ಕ."

"ಎರಡು ವರ್ಷ ಕೊಂಡ್ಕೊಂಡು ಬರ್ತಿದ್ದೀನಿ ಅಂದ್ಕೊಂಡಿದ್ದೆ. ಬೇಡ್ಕೊಂಡು ಬರ್ತಿದ್ದೆನಲ್ಲೋ!"

ಅಚ್ಚಣ್ಣ ಅವಳ ಕಾಲು ಹಿಡಿದು ಬಿಕ್ಕಿ ಬಿಕ್ಕಿ ಅತ್ತ. ಅಕ್ಕ ಬೈಯಲಿಲ್ಲ, ಅವನ ತಲೆ ಸವರಿದಳು. ಬೈದಿದ್ದರೇ ಚೆನ್ನಾಗಿತ್ತು.

ಬೆಳಿಗ್ಗೆ ಅವನು ಕೆಲಸಕ್ಕೆ ಹೊರಟಾಗ, "ಬೆಂಕಿಪೊಟ್ಟಣ ಮುಗಿದಿದೆ, ಬರ್ತಾ ತಗೊಂಡ್ಬಾ" ಎಂದಳು. ಆಮೇಲೆ ಒಂಬತ್ತು ವರ್ಷ ಬದುಕಿದ್ದಳು. ಒಂದು ದಿನವೂ ಒಬ್ಬಳೇ ಹೊಸ್ತಿಲು ದಾಟಲಿಲ್ಲ.