ಅವಳು ಹೇಳಿದ ಸಿನಿಮಾ

ಟೆಲಿಫೋನ್ ಆಪರೇಟರು ಹುಟ್ಟು ಕುರುಡ. ಆದರೆ ಅವನಷ್ಟು ಸಿನಿಮಾ ನೋಡಿದವರು ಆ ಬೀದಿಯಲ್ಲಿ ಇನ್ನೊಬ್ಬರಿರಲಿಲ್ಲ. ‘ನೋಡಿದೆ’ ಎಂದೇ ಅವನು ಹೇಳುತ್ತಿದ್ದ. ‘ಕೇಳಿದೆ ಅನ್ನಪ್ಪ’ ಎಂದು ಯಾರಾದರೂ ತಿದ್ದಲು ಹೋದರೆ, ಕಣ್ಣಿದ್ದು ನೀವೇನು ಕಡಿದು ಕಟ್ಟೆ ಹಾಕಿದ್ದೀರಿ ಎಂದು ಅವರ ಬಾಯಿ ಮುಚ್ಚಿಸುತ್ತಿದ್ದ.

ದೊಡ್ಡ ಆಸ್ಪತ್ರೆಯೊಂದರ ಟೆಲಿಫೋನ್ ಬೋರ್ಡಿನ ಮುಂದೆ ಕೂತು, ಬಂದ ಕರೆಯನ್ನು ಸರಿಯಾದ ವಾರ್ಡಿಗೆ ಕೊಡುವುದು ಅವನ ಕೆಲಸ. ಭಾನುವಾರ ಮಧ್ಯಾಹ್ನ ಮಾತ್ರ ಹೆಂಡತಿಯ ಜೊತೆ ಸಿನಿಮಾ. ಕೊನೆಯ ಸಾಲಿನಲ್ಲಿ ಗೋಡೆ ಪಕ್ಕದ ಎರಡು ಸೀಟು ಹಿಡಿದರೆ ಯಾರಿಗೂ ತೊಂದರೆಯಿಲ್ಲ. ಅವನ ಕಿವಿಗೆ ಬಾಯಿಟ್ಟು ತೆರೆಯ ಮೇಲೆ ನಡೆಯುವುದನ್ನೆಲ್ಲ ಅವಳು ಹೇಳಬೇಕು. ಅವಳು ಬಟ್ಟೆ ಫ್ಯಾಕ್ಟರಿಯಲ್ಲಿ ಅಂಗಿಗಳಿಗೆ ಗುಂಡಿ ಹಾಕುವವಳು. ಮಷೀನುಗಳ ಗದ್ದಲದಲ್ಲಿ ವಾರವಿಡೀ ಮುಚ್ಚಿರುತ್ತಿದ್ದ ಬಾಯಿ ಅಂದು ಬಿಚ್ಚಿಕೊಳ್ಳುತ್ತಿತ್ತು. ಥಿಯೇಟರಿನಲ್ಲಿ ಟಿಕೆಟ್ ಹರಿಯುವವನು ಅವಳಿಗೆ ‘ಕಾಮೆಂಟ್ರಿ ಅಕ್ಕ’ ಎಂದೇ ಹೆಸರಿಟ್ಟಿದ್ದ.

ಕಾಮೆಂಟ್ರಿ ಅಕ್ಕ ಇದ್ದದ್ದನ್ನು ಇದ್ದ ಹಾಗೆ ಹೇಳುವ ಪೈಕಿ ಅಲ್ಲ. ಉಪ್ಪು ಖಾರ ಹಚ್ಚದೆ ಅವಳಿಗೆ ಸಮಾಧಾನವಿಲ್ಲ. ಹೀರೋನ ಮೀಸೆ ಒಂದು ಕಡೆ ಅಂಟು ಬಿಟ್ಟಿದೆ, ವಿಲನ್ನಿನ ಹೊಟ್ಟೆ ಅವನಿಗಿಂತ ಮೊದಲೇ ಬಾಗಿಲು ದಾಟಿತು, ಹೀರೋಯಿನ್ನು ಕಾಡಿಗೆ ಹರಡೀತೆಂದು ಲೆಕ್ಕ ಹಾಕಿ ಅಳುತ್ತಿದ್ದಾಳೆ. ಪ್ರೇಮಿಗಳು ಹತ್ತಿರವಾದರೆ, ನಿಮಗೆ ಇದೆಲ್ಲ ಬೇಡ, ವಯಸ್ಸಾಯಿತು ಎಂದು ಅವನ ತೋಳು ಚಿವುಟುತ್ತಿದ್ದಳು. ಹೆಣ್ಣಿನ ಮೇಲೆ ಬೀಳುವ ಸೀನು ಬಂದಾಗ ಮಾತ್ರ, ಅದೇ ಹಾಳು ಮಾಮೂಲಿ ಎಂದು ಸುಮ್ಮನಾಗಿಬಿಡುವಳು. ಸೀನು ಮುಗಿದ ಮೇಲೆ ಮತ್ತೆ ಶುರು. ಅವನೂ ಕೆದಕಿ ಕೇಳುತ್ತಿರಲಿಲ್ಲ.

ಹೀಗಿರುವಾಗ ಒಂದು ಸಿನಿಮಾ ಬಂತು. ಆಸ್ಪತ್ರೆಯಲ್ಲಿ ಎಲ್ಲರ ಬಾಯಲ್ಲೂ ಅದೇ. ಅದರಲ್ಲಿ ಒಂದು ಸೀನ್ ಇದೆಯಂತೆ, ಕಣ್ಣಿಂದ ನೋಡಲಾಗುವುದಿಲ್ಲವಂತೆ, ಆದರೂ ನೋಡಲೇಬೇಕಂತೆ. ನೋಡಲಾಗದ್ದನ್ನು ನೋಡುವುದಕ್ಕೆ ಜನ ದುಡ್ಡು ಕೊಟ್ಟು ಸಾಲು ನಿಂತರು. ನಮ್ಮ ಜನವೇ ಹಾಗೆ. ಇವರಿಬ್ಬರೂ ಹೋದರು.

ಆ ಸೀನು ಬಂದಾಗ ಸಂಗೀತ ನಿಂತಿತು. ಹೆಂಗಸೊಬ್ಬಳು ಬೇಡಿಕೊಳ್ಳುವುದು ಕೇಳಿಸಿತು, ಆಮೇಲೆ ಅದೂ ಇಲ್ಲ. ಆಪರೇಟರಿಗೆ ಸುತ್ತಲಿನ ಜನವೇ ಹೆಚ್ಚು ಕೇಳಿಸುತ್ತಿದ್ದರು. ಒಂದೆರಡು ಸೀಟು ಪಟ್ಟೆಂದು ಮಡಚಿಕೊಂಡವು. ಯಾರೋ ಎದ್ದು ಹೋದರು. ಮುಂದಿನ ಸಾಲುಗಳಿಂದ ಒಂದು ಸಿಳ್ಳೆ ಹೊರಟು, ಯಾರೂ ಜೊತೆಗೂಡದೆ ಅರ್ಧಕ್ಕೇ ನಿಂತಿತು. ಎದುರಿನವನು ಕಡಲೆಕಾಯಿ ಅಗಿಯುವುದನ್ನು ನಿಲ್ಲಿಸಿ, ಸ್ವಲ್ಪ ಹೊತ್ತಿಗೆ ಮತ್ತೆ ಅಗಿಯತೊಡಗಿದ. ಹೆಂಡತಿ ಎಂದಿನಂತೆ ಸುಮ್ಮನಾಗುತ್ತಾಳೆ ಎಂದು ಆಪರೇಟರು ಅಂದುಕೊಂಡಿದ್ದ. ಅವಳು ಸುಮ್ಮನಾಗಲಿಲ್ಲ.

“ಬಾಗಿಲು ಹಾಕಿದ. ಕಿಟಕಿ ಹಾಕಿಲ್ಲ. ಹಸಿರು ಕರ್ಟನ್ ಇದೆ, ಕೆಳಗಡೆ ಹರಿದಿದೆ. ಮೇಜಿನ ಮೇಲೆ ಅರ್ಧ ಕುಡಿದಿಟ್ಟ ಲೋಟ. ಅವಳು ಲೋಟಾನೇ ನೋಡ್ತಿದ್ದಾಳೆ. ಹೊರಗಡೆ ಒಬ್ರು ಸೈಕಲ್ ಒರೆಸ್ತಿದ್ದಾರೆ. ಒಂದೊಂದು ಕಡ್ಡೀನೂ ಒರೆಸ್ತಿದ್ದಾರೆ. ಒಳಗಡೆ ನೋಡಲ್ಲ.”

ಆ ದನಿಯಲ್ಲಿ ಉಪ್ಪಿಲ್ಲ, ಖಾರವಿಲ್ಲ. ಬೇರೆಯವರ ಮನೆಯ ಸಾಮಾನಿನ ಪಟ್ಟಿ ಓದಿದ ಹಾಗಿತ್ತು. ಆಮೇಲೆ ‘ಮುಗೀತು’ ಎಂದಳು. ಮುಂದಿನ ಸೀನಿನಲ್ಲಿ ಇನ್‌ಸ್ಪೆಕ್ಟರು ಬಂದದ್ದೇ ತಡ, ಅವನ ಎರಡು ಬೂಟೂ ಬೇರೆ ಬೇರೆ ಜೊತೆಯವು ಎಂದು ನಗತೊಡಗಿದಳು. ಮನೆಗೆ ಬರುವಾಗ ಆಪರೇಟರು ಡೈರೆಕ್ಟರನ್ನು ಹೊಗಳಿದ್ದೇ ಹೊಗಳಿದ್ದು. ಹೊಡೆದಾಟ ಚೀರಾಟ ಬಿಟ್ಟು ಒಂದು ಲೋಟ, ಒಂದು ಸೈಕಲ್ ತೋರಿಸಿದನಲ್ಲ, ಏನು ತಲೆ ಅವನದು. ಅವಳು ಹ್ಞೂಂ ಎಂದಳು. ಮುಂದೆ ರಸ್ತೆ ಅಗೆದಿದ್ದಾರೆ ಎಂದು ಅವನ ಮೊಣಕೈ ಹಿಡಿದು ದಾಟಿಸಿದಳು.

ಸೋಮವಾರ ಊಟದ ಹೊತ್ತಿನಲ್ಲಿ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಅದೇ ಮಾತು. ಹಿರಿಯ ನರ್ಸು ಆ ಹೊತ್ತಿಗೆ ಎದ್ದು ಹೋಗಿ ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ನಿಂತಿದ್ದಳಂತೆ. ಲ್ಯಾಬಿನವನು ಅದು ಬರೀ ಆ್ಯಕ್ಟಿಂಗು, ಕೆಂಪು ಬಣ್ಣ ಎಂದು ತನಗೆ ತಾನೇ ಹೇಳಿಕೊಳ್ಳುತ್ತ ಕೂತಿದ್ದನಂತೆ. ಕ್ಯಾಶಿಯರು ತನಗೆ ಏನೂ ಅನಿಸಲಿಲ್ಲ, ಏನೂ ಅನಿಸಲಿಲ್ಲವಲ್ಲ ಎಂದೇ ಆಮೇಲೆ ಹೆದರಿಕೆಯಾಯಿತು ಎಂದ. ಅವರವರ ಪಾಲನ್ನು ಅವರವರು ಒಪ್ಪಿಸಿದ ಮೇಲೆ ಆಪರೇಟರು ತನ್ನದನ್ನೂ ಹೇಳಿದ. ತನ್ನ ಜೀವ ಹಿಂಡಿದ್ದು ಆ ಹಸಿರು ಕರ್ಟನ್ನು, ಹೊರಗೆ ಸೈಕಲ್ ಒರೆಸುವವನು.

ಎಲ್ಲಿಯ ಕರ್ಟನ್ನು ಎಂದು ಕ್ಯಾಶಿಯರು ಕೇಳಿದ. ಅದು ನಡೆಯುವುದು ಬಯಲಿನಲ್ಲಿ, ಕಲ್ಲು ಕ್ವಾರಿಯಲ್ಲಿ. ಅಲ್ಲಿ ಮನೆಯೂ ಇಲ್ಲ, ಕಿಟಕಿಯೂ ಇಲ್ಲ. ಆಪರೇಟರು ನಿದ್ದೆ ಹೊಡೆದಿರಬೇಕು, ಎರಡು ಸಿನಿಮಾ ಕಲಸಿಕೊಂಡಿದ್ದಾನೆ ಎಂದು ಎಲ್ಲರೂ ನಕ್ಕರು. ಅವನೂ ನಕ್ಕ.

ಬೋರ್ಡಿಗೆ ವಾಪಸು ಬಂದು ಕೂತವನು ಹೆರಿಗೆ ವಾರ್ಡಿಗೆ ಹೋಗಬೇಕಾದ ಕರೆಯನ್ನು ಶವಾಗಾರಕ್ಕೆ ಕೊಟ್ಟ. ಅವಳೂ ತೂಕಡಿಸಿ ಏನೋ ಹೇಳಿರಬಹುದು ಎಂದುಕೊಂಡ. ಹರಿದ ಕರ್ಟನ್ನನ್ನು ತೂಕಡಿಸುತ್ತ ಯಾರೂ ಕಟ್ಟಿ ಹೇಳುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಕೇಳಿದರೆ, ಮದುವೆಯಾದಾಗಿನಿಂದ ಅವಳು ಮುಚ್ಚಿಟ್ಟುಕೊಂಡು ಬಂದದ್ದನ್ನು ಬಗೆದ ಹಾಗೆ. ಕೇಳದಿದ್ದರೆ, ಕಿವಿಯಲ್ಲೇ ಹೇಳಿದ್ದನ್ನು ಕೇಳಿಸದವನಂತೆ ಅವಳ ಪಕ್ಕದಲ್ಲಿ ಬಾಳಬೇಕು. ಸಂಜೆಯವರೆಗೂ ಅವನಿಗೆ ಯಾವುದೂ ತೀರ್ಮಾನವಾಗಲಿಲ್ಲ.

ಮನೆಯಲ್ಲಿ ಅವಳು ಒಣಗಿದ ಬಟ್ಟೆ ಮಡಚುತ್ತಿದ್ದಳು. ಆಸ್ಪತ್ರೆಯಲ್ಲಿ ಸಿನಿಮಾ ಬಗ್ಗೆ ಏನಂದರು ಎಂದು ಅವಳೇ ಕೇಳಿದಳು. ಅವನ ಬಾಯಿಂದ ಅದು ತಾನಾಗಿಯೇ ಬಂತು.

“ಅದು ಕಲ್ಲು ಕ್ವಾರೀಲಿ ನಡೆಯೋದಂತೆ.”

“ಇರಬಹುದು. ನಾನು ಕಣ್ಣು ಮುಚ್ಕೊಂಡಿದ್ದೆ.”

ಬಟ್ಟೆ ಕೊಡವುವ ಸದ್ದು ನಿಲ್ಲಲಿಲ್ಲ. ಅವನು ಗೋಡೆಗೆ ಒರಗಿ ನೆಲದ ಮೇಲೆ ಕೂತ.

“ಸೈಕಲ್ ಒರೆಸ್ತಿದ್ದೋರು ಯಾರು?”

“ಅಪ್ಪ,” ಎಂದಳು. ಆಮೇಲೆ, “ಬಂದಿದ್ದೋರ ಸೈಕಲ್ಲು.”

ಮಾವ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಕೊನೆಗಾಲದಲ್ಲಿ ಅವರಿಗೆ ಕಿಟಕಿ ಪಕ್ಕದ ಹಾಸಿಗೆಯೇ ಬೇಕೆಂದು ಆಸ್ಪತ್ರೆಯಲ್ಲಿ ಎಲ್ಲರ ಕೈಕಾಲು ಹಿಡಿದವನು ಇದೇ ಆಪರೇಟರು. ಅಂಥ ಮಾವ ಯಾರಿಗೂ ಸಿಗುವುದಿಲ್ಲ ಎಂದು ಈಗಲೂ ಹೇಳುತ್ತಿದ್ದ. ಅವಳು ಒಂದು ದಿನವೂ ಅಲ್ಲಗಳೆದಿರಲಿಲ್ಲ.

“ಹೇಳು. ನಾನು ಕೇಳ್ತೀನಿ,” ಎಂದ.

“ಹೇಳಾಯ್ತಲ್ಲ. ಅಲ್ಲಿ ಎಲ್ರೂ ತೆರೆ ಕಡೆ ನೋಡ್ತಿದ್ರು, ಅದಕ್ಕೇ ಹೇಳಿದೆ. ಇನ್ನೊಂದ್ಸಲ ಆಗಲ್ಲ.”

ಅವಳು ಬಾಯಿ ಬಿಟ್ಟದ್ದು ಒಂದೇ ಸಲ. ಆ ಒಂದು ಸಲವೂ ಅವನು ಟಿಕೆಟ್ ಕೊಂಡು ಬಂದವನ ಹಾಗೆ ಕೂತು, ಚೆನ್ನಾಗಿದೆ ಎಂದುಕೊಂಡು ಕೇಳಿದ್ದ. ಆಪರೇಟರಿಗೆ ತನ್ನ ಮೇಲೇ ಹೇಸಿಗೆಯಾಯಿತು. ಅಳು ಬರಲಿಲ್ಲ, ಬಂದರೂ ಅವಳ ಮುಂದೆ ಅಳುವ ಮುಖ ಅವನಿಗಿರಲಿಲ್ಲ. ಅವಳು ಮಡಚಿದ ಅಂಗಿಗಳನ್ನು ಎತ್ತಿಕೊಂಡು ಒಳಗೆ ಹೋದಳು.