ಕ್ರೇಟಿನ ಮೇಲೆ ನಿಂತ ಕಾರು

ಟೊಮೇಟೊ ಮಂಡಿಯಲ್ಲಿ ಇಪ್ಪತ್ತು ವರ್ಷ ನಿಂತವನಿಗೆ ಒಂದು ವಿದ್ಯೆ ತಾನಾಗಿ ಬರುತ್ತದೆ. ಎದುರಿಗಿರುವವನು ಹೂಂ ಅನ್ನಲೋ ಉಹೂಂ ಅನ್ನಲೋ ಎಂದು ತೂಗಾಡುವ ಗಳಿಗೆಯಲ್ಲಿ ಒಂದು ಮಾತು ತೂರಿಸಿದರೆ, ಅವನು ನಮ್ಮ ಕಡೆಗೇ ವಾಲುತ್ತಾನೆ. ಕೋಲಾರದಲ್ಲಿ ಕ್ರೇಟು ಹೊರುತ್ತಿದ್ದ ನನ್ನನ್ನು ಸ್ವಂತ ಅಂಗಡಿಯವರೆಗೆ ತಂದದ್ದು ಆ ವಿದ್ಯೆ. ಕೆಂಪು ಸ್ಪೋರ್ಟ್ಸ್ ಕಾರನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಡಿಸಿದ್ದೂ ಅದೇ.

ಇಂಜಿನ್ ಆಯಿಲ್ ಬದಲಾಯಿಸಲು ಗ್ಯಾರೇಜು ಯಾಕೆ, ಮನೆಯಲ್ಲೇ ಮಾಡಿಕೊಳ್ಳಿ ಎಂದು ಹತ್ತು ಜನಕ್ಕೆ ಬುದ್ಧಿ ಹೇಳಿದವನು ನಾನು. ಈಗಲೂ ಹೇಳುತ್ತೇನೆ: ಇಂಜಿನ್ ಬೆಚ್ಚಗಿರುವಾಗ ಹಳೆಯ ಆಯಿಲ್ ಇಳಿಸಿ, ಫಿಲ್ಟರ್ ಬದಲಾಯಿಸದೆ ಹೊಸದು ಹಾಕಬೇಡಿ. ಕೆಲಸ ಸುಲಭ, ಕಾರಿನ ಕೆಳಗೆ ತೂರುವುದೇ ಕಷ್ಟ. ನನ್ನ ಕಾರಂತೂ ನೆಲಕ್ಕೆ ಅಂಟಿದಂತಿದೆ, ನನ್ನ ಹೊಟ್ಟೆ ಅಲ್ಲಿ ಹಿಡಿಸುವುದಿಲ್ಲ. ಅದಕ್ಕೇ ಆಂಧ್ರದ ಗಡಿಯ ಗೌನಿಪಲ್ಲಿಯಿಂದ ಬಾಮೈದನನ್ನು ಕರೆಸಿದೆ. ಮಾವಿನ ತೋಟದವನು, ಎರಡು ಮಕ್ಕಳ ತಂದೆ, ಕಡ್ಡಿಯಂಥ ಆಳು.

ಜಾಕಿಯಿಂದ ಕಾರಿನ ಮುಂಭಾಗವನ್ನು ಒಂದೊಂದೇ ಪಕ್ಕ ಎತ್ತಿ, ಬೋರಲು ಹಾಕಿದ ಪ್ಲಾಸ್ಟಿಕ್ ಟೊಮೇಟೊ ಕ್ರೇಟುಗಳ ಮೇಲೆ ಹಲಗೆ ಇಟ್ಟು ಕೂರಿಸಿದೆ. ಲಾರಿಯಲ್ಲಿ ತುಂಬಿದ ಕ್ರೇಟುಗಳನ್ನು ಒಂದರ ಮೇಲೊಂದು ಪೇರಿಸುತ್ತೇವೆ, ತಳದ್ದು ಜಗ್ಗುವುದಿಲ್ಲ. ನನ್ನ ಧೈರ್ಯ ಅದು.

ಎದುರು ಮನೆಯ ಭಾಯ್, ವೆಲ್ಡಿಂಗ್ ಮಾಡುವ ಹಿರಿಯರು, ಗೇಟಿನ ಹತ್ತಿರ ಬಂದು ನಿಂತರು.

"ಸಾವ್ಕಾರ್ರೇ, ಇದು ಟೊಮೇಟೊ ಅಲ್ಲ."

"ನೀವು ವೆಲ್ಡಿಂಗ್ ನೋಡ್ಕೊಳ್ಳಿ ಭಾಯ್. ಕ್ರೇಟು ವಿಷ್ಯ ನನಗ್ಬಿಡಿ."

ಅವರು ವಾಪಸ್ ಹೋದರು. ಬಾಮೈದ ಕಾರನ್ನು ಒಮ್ಮೆ ಅಲುಗಿಸಿ ನೋಡಿದ. ಹೆದರಿದಾಗ ಅವನ ಬಾಯಿಗೆ ತೆಲುಗೇ ಮೊದಲು ಬರುವುದು.

"ವದ್ದು ಭಾವ. ಬೇಡ. ಅಲ್ಲಾಡ್ತೈತೆ."

ಅದೇ ಆ ಗಳಿಗೆ. ನಾನು ಬಿಡಲಿಲ್ಲ.

"ಲೇ, ಮಾವಿನ್ಮರದ ತುದಿಗ್ ಹತ್ತೋನು, ನೆಲದ್ ಮೇಲೆ ಮಲಗಕ್ಕೆ ಹೆದರ್ತೀಯೇನೋ? ಹತ್ತು ನಿಮಿಷ ಕಣೋ."

ಅವನು ನಕ್ಕು ಕೆಳಗೆ ತೂರಿದ.

ಆಯಿಲ್ ಇಳಿಸುವ ಬೋಲ್ಟು ಬಿಗಿದುಕೊಂಡಿತ್ತು. ಅವನು ಸ್ಪ್ಯಾನರ್ ಎಳೆದಾಗಲೆಲ್ಲ ಕಾರು ಸಣ್ಣಗೆ ತೂಗುತ್ತಿತ್ತು. ಅಷ್ಟರಲ್ಲಿ ಭಾಯ್ ಒಂದು ಹಳೆಯ ಜೀಪಿನ ಚಕ್ರ ಉರುಳಿಸಿಕೊಂಡು ಬಂದರು. ನನ್ನನ್ನು ಕೇಳಲಿಲ್ಲ. ಅದನ್ನು ನೆಲಕ್ಕೆ ಮಲಗಿಸಿ ಕಾರಿನ ಕೆಳಕ್ಕೆ ಕಾಲಿನಿಂದ ತಳ್ಳಿದರು. ಗೇಲಿ ಮಾಡಲು ನಾನು ಬಾಯಿ ತೆರೆದೆ; ಆ ಪಕ್ಕದ ಕ್ರೇಟು ಸೀಳಿಹೋಯಿತು. ಲಾರಿಯಲ್ಲಿ ಭಾರ ಕ್ರೇಟಿನ ಅಂಚುಗಳ ಮೇಲೆ ಇಳಿಯುತ್ತದೆ, ಇಲ್ಲಿ ನಟ್ಟನಡುವೆ ಕೂತಿತ್ತು. ಇದು ನನಗೆ ಹೊಳೆದದ್ದು ಆಮೇಲೆ. ಕಾರು ಚಕ್ರದ ಮೇಲೆ ಕುಸಿದು ನಿಂತಿತು.

ಬಾಮೈದ ತೆವಳಿಕೊಂಡು ಹೊರಗೆ ಬಂದ. ಅವನ ಅಂಗಿಯ ಎದೆಯ ಮೇಲೆ ಉದ್ದಕ್ಕೆ ಒಂದು ಕಪ್ಪು ಗೆರೆ ಬಿದ್ದಿತ್ತು. ಇಂಜಿನ್ ಅಷ್ಟು ಹತ್ತಿರ ಬಂದಿತ್ತು.

ಸದ್ದಿಗೆ ನನ್ನ ಹೆಂಡತಿ ಬಾಗಿಲಿಗೆ ಬಂದು, "ಏನೋ ಅದು?" ಎಂದು ತಮ್ಮನನ್ನು ಕೇಳಿದಳು.

"ಏನಿಲ್ಲಕ್ಕಾ. ಕ್ರೇಟು ಒಡೀತು."

ಅವಳು ಒಳಗೆ ಹೋದಳು. ಭಾಯ್ ನನ್ನ ಮುಖ ನೋಡಿದರು, ಬಗ್ಗಿ ಕ್ರೇಟಿನ ಚೂರುಗಳನ್ನು ಆರಿಸತೊಡಗಿದರು. ಬೈದಿದ್ದರೆ ನನ್ನ ಹತ್ತಿರ ಉತ್ತರ ಇರುತ್ತಿತ್ತು.

ಆವತ್ತು ಬೋಲ್ಟು ಬಿಚ್ಚಲಿಲ್ಲ. ಮಾರನೆಯ ದಿನ ಗ್ಯಾರೇಜಿನಲ್ಲೇ ಆಯಿಲ್ ಬದಲಾಯಿಸಿದರು. ಕಾರು ನಿಲ್ಲಿಸಲೆಂದೇ ಕಬ್ಬಿಣದ ಸ್ಟ್ಯಾಂಡು ಸಿಗುತ್ತದೆ, ಅದನ್ನು ಕೊಳ್ಳಿ, ಅದರಲ್ಲಿ ಚೌಕಾಸಿ ಬೇಡ. ನಾನೂ ಕೊಂಡೆ. ಡಬ್ಬದಿಂದ ಇನ್ನೂ ತೆಗೆದಿಲ್ಲ.

ಹೋದ ತಿಂಗಳು ಬಾಮೈದನೇ ಫೋನ್ ಮಾಡಿದ.

"ಮತ್ತೆ ಆಯಿಲ್ ಬದಲಾಯಿಸೋ ಟೈಮಾಯ್ತಲ್ವಾ ಭಾವ. ಯಾವತ್ತು ಬರ್ಲಿ?"

ಅವನ ದನಿಯಲ್ಲಿ ಕೊಂಕಿರಲಿಲ್ಲ. ಕರೆದರೆ ಬರುತ್ತಾನೆ. ನಾನು ಒಂದು ಮಾತು ಆಡಿದರೆ ಕೆಳಗೂ ತೂರುತ್ತಾನೆ.

"ಗ್ಯಾರೇಜಿಗೆ ಬಿಟ್ಟಿದೀನಿ ಕಣೋ," ಅಂದೆ.

ಕಾರು ಕಣ್ಣೆದುರೇ, ಅಂಗಳದಲ್ಲಿ ನಿಂತಿತ್ತು.