ಮೂವತ್ತು ಕಡ್ಡಿಗೆ ಎಷ್ಟು ಕಟ್ಟು

ನಮ್ಮ ಜೆಸಿಂತಾ ಟೀಚರಷ್ಟು ಪುಕ್ಕಲು ಹೆಂಗಸನ್ನು ತಿರುನೆಲ್ವೇಲಿ ಸೀಮೆಯಲ್ಲೇ ನಾನು ಕಂಡಿಲ್ಲ. ಹಲ್ಲಿ ಕಂಡರೆ ಭಯ, ಕಂಡಕ್ಟರ್ ಚಿಲ್ಲರೆ ಕೇಳಿದರೆ ಭಯ, ಸಾಹೇಬರು ತರಗತಿ ನೋಡಲು ಬಂದರಂತೂ ಹಾಜರಿ ಕೂಗಲು ದನಿಯೇ ಹೊರಡದು. ಚಿಕ್ಕಂದಿನಲ್ಲಿ ಲೆಕ್ಕ ತಪ್ಪಿದ್ದಕ್ಕೆ ಮೇಷ್ಟ್ರು ಇಡೀ ದಿನ ಮೊಣಕಾಲೂರಿಸಿದ್ದರಂತೆ. ಆಗ ಹಿಡಿದ ನಡುಕ ಬಿಟ್ಟಿಲ್ಲ. ಪಕ್ಕದ ಕೋಣೆಯಲ್ಲಿ ಮೂರನೇ ತರಗತಿಗೆ ಪಾಠ ಹೇಳುವ ನಾನು ಅವಳನ್ನು ಸಾಕಷ್ಟು ಗೋಳುಹೊಯ್ದುಕೊಂಡಿದ್ದೇನೆ. ಅಂಥವಳು ಒಂದು ಶನಿವಾರ ಮಧ್ಯಾಹ್ನ ನನ್ನ ಕೈ ಹಿಡಿದು, "ಅಕ್ಕಾ, ಪೇಚ್ಚಿ ಮನೆಗೆ ಹೋಗ್ಬೇಕು, ಜೊತೆಗೆ ಬರ್ತೀರಾ?" ಎಂದಳು.

ಪೇಚ್ಚಿಯ ಬಾಯಿಗೆ ಊರೇ ಹೆದರುತ್ತಿತ್ತು. ಅವಳ ಮಗಳು ಮುಪ್ಪುಡಾತಿ ಜೆಸಿಂತಾಳ ಎರಡನೇ ತರಗತಿಯವಳು. ಆ ವಾರದ ಲೆಕ್ಕದ ಪರೀಕ್ಷೆಯಲ್ಲಿ ಕಡ್ಡಿಗಳ ಚಿತ್ರ ಕೊಟ್ಟು, ಕಟ್ಟು ಎಷ್ಟು, ಬಿಡಿ ಎಷ್ಟು ಎಂದು ಕೇಳಿದ್ದರು. ಹುಡುಗಿಗೆ ಸೊನ್ನೆ. ಪೇಪರು ನೋಡಿದ ಪೇಚ್ಚಿ ಶಾಲೆಯ ಗೇಟಿನಲ್ಲೇ ನಿಂತು, "ತಲೆಗೆ ಹತ್ತದ ಓದು ಯಾಕೆ? ಸೋಮವಾರದಿಂದ ಮನೇಲಿ ಕೂತು ಬೀಡಿ ಕಟ್ಲಿ!" ಎಂದು ಕೂಗಿ, ಪೇಪರನ್ನು ಅಲ್ಲೇ ಎಸೆದು ಹೋಗಿದ್ದಳು. ನಮ್ಮೂರಲ್ಲಿ ಹಾಗೆ ಬೀಡಿ ಕಟ್ಟುವ ಮೊರದ ಮುಂದೆ ಕೂತ ಹುಡುಗಿ ಮತ್ತೆ ಶಾಲೆಗೆ ಬಂದದ್ದಿಲ್ಲ. ಸೊನ್ನೆ ಬರೆದದ್ದು ತನ್ನ ಕೈಯೇ ಎಂದು ಜೆಸಿಂತಾ ಊಟವನ್ನೂ ಮುಟ್ಟಿರಲಿಲ್ಲ.

ತಾಯಿ ಮಗಳು ಬಾಗಿಲಲ್ಲೇ ಕೂತಿದ್ದರು. ಹುಡುಗಿಯ ತೊಡೆಯ ಮೇಲೆ ಆಗಲೇ ಮೊರ.

"ಏನ್ ಟೀಚರಮ್ಮ, ಇನ್ನೊಂದು ಸೊನ್ನೆ ತಂದ್ರಾ?"

ಜೆಸಿಂತಾ ನನ್ನ ಬೆನ್ನ ಹಿಂದೆ ಸರಿದಳು. ಪೇಚ್ಚಿ ನಮ್ಮನ್ನು ಲೆಕ್ಕಿಸದೆ ಒಂದು ಹಿಡಿ ಬೀಡಿಯನ್ನು ಮಗಳ ಮೊರಕ್ಕೆ ಸುರಿದು, "ಎಷ್ಟಿದೆ ನೋಡೇ," ಎಂದಳು.

ಹುಡುಗಿಯ ಬೆರಳು ಸರಸರ ಓಡಿತು. "ಮೂವತ್ತು. ಒಂದು ಕಟ್ಟು, ಐದು ಬಿಡಿ."

ಜೆಸಿಂತಾ ನನ್ನ ತೋಳನ್ನು ಉಗುರು ನಾಟುವಂತೆ ಹಿಡಿದಳು. ಚೀಲದಿಂದ ಹುಡುಗಿಯ ಪೇಪರು ತೆಗೆದಳು. ಮೂವತ್ತು ಕಡ್ಡಿಗೆ ಒಂದು ಕಟ್ಟು, ಐದು ಬಿಡಿ. ಐವತ್ತೆರಡಕ್ಕೆ ಎರಡು ಕಟ್ಟು, ಎರಡು ಬಿಡಿ. ಬೀಡಿಯ ಕಟ್ಟಿಗೆ ಇಪ್ಪತ್ತೈದು. ಆ ಲೆಕ್ಕದಲ್ಲಿ ಒಂದೂ ತಪ್ಪಿರಲಿಲ್ಲ. ಶಾಲೆಯ ಕಟ್ಟಿಗೆ ಹತ್ತು ಎಂದು ಹೇಳಿಕೊಟ್ಟ ದಿನ ಹುಡುಗಿ ತಮ್ಮನನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿದಿದ್ದಳು.

"ಅಯ್ಯೋ ಯೇಸಪ್ಪಾ! ಪೇಚ್ಚಿಯಮ್ಮ, ಇವಳಿಗೆ ಲೆಕ್ಕ ಚೆನ್ನಾಗಿ ಬರುತ್ತೆ. ಕಟ್ಟಿಗೆ ಇಪ್ಪತ್ತೈದು ಅಂದ್ಕೊಂಡಿದಾಳೆ, ಅಷ್ಟೇ!"

"ಬರುತ್ತಾ? ಹಾಗಾದ್ರೆ ಒಳ್ಳೇದೇ ಆಯ್ತು. ಇಂಥವಳು ನನಗೇ ಬೇಕು. ಇನ್ನು ಶಾಲೆ ಯಾಕೆ?"

ಹುಡುಗಿಯನ್ನು ಬಿಡಿಸಲು ಬಂದು ನಾವೇ ಕೂರಿಸಿದಂತಾಯಿತಲ್ಲ! ಜೆಸಿಂತಾ ಇನ್ನು ಓಡಿಯೇ ಹೋಗುತ್ತಾಳೆ ಎಂದುಕೊಂಡೆ. ಆದರೆ ಅವಳು ಬೀಡಿಯ ಎಲೆಚೂರುಗಳ ನಡುವೆ ನೆಲಕ್ಕೇ ಕೂತುಬಿಟ್ಟಳು.

"ಮುಪ್ಪುಡಾತಿ, ಶಾಲೇಲಿ ಕಟ್ಟಿಗೆ ಹತ್ತೇ ಕಣಮ್ಮ. ಈಗ ಹೇಳು, ಐವತ್ತೆರಡು ಕಡ್ಡಿಗೆ ಎಷ್ಟು?"

ಹುಡುಗಿ ಅಮ್ಮನ ಮುಖ ನೋಡಿದಳು. ಬೆರಳು ನಿಂತೇಹೋಯಿತು. ಹೇಳದಿದ್ದರೆ ಎಲ್ಲ ಮುಗಿಯಿತು ಎಂದುಕೊಂಡೆ.

"ಐದು ಕಟ್ಟು... ಎರಡು ಬಿಡಿ."

"ಯಾರೇ ಹೇಳ್ಕೊಟ್ರು ನಿಂಗೆ?" ಪೇಚ್ಚಿ ಗದರಿದಳು.

"ಯಾರೂ ಇಲ್ಲಮ್ಮ. ಟೀಚರ್ ಈಗ ತಾನೇ ಹತ್ತು ಅಂದ್ರಲ್ಲ."

ಪೇಚ್ಚಿ ಜೆಸಿಂತಾಳ ಕೈಯಿಂದ ಪೇಪರು ತೆಗೆದುಕೊಂಡು ಆ ಸೊನ್ನೆಯನ್ನೇ ನೋಡಿದಳು.

"ನನಗೂ ಇವಳಷ್ಟಿದ್ದಾಗ ಸೊನ್ನೆ ಕೊಟ್ಟು ಕಳಿಸಿದ್ರು ಟೀಚರಮ್ಮ," ಎಂದಳು ಕೊನೆಗೆ. "ಹೆಂಗೆ ಎಣಿಸ್ದೆ ಅಂತ ಒಬ್ರೂ ಕೇಳ್ಲಿಲ್ಲ."

ಮಗಳ ತೊಡೆಯ ಮೇಲಿದ್ದ ಮೊರವನ್ನು ತನ್ನ ತೊಡೆಗೆ ಎಳೆದುಕೊಂಡಳು.

"ಏಳೇ. ಕೈ ತೊಳ್ಕೊಂಡು ಪುಸ್ತಕ ತಗೊಂಡ್ ಬಾ."